ವನ್ಸ್ ಮೋರ್ ಮಾಸ್ತರರು

ಹಳಿಯಾಳದಲ್ಲಿ ನಾಟಕಕ್ಕೆ ಮೈಕ್ ಕಟ್ಟುತ್ತಿದ್ದಾಗ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು ನನ್ನನ್ನು ಹತ್ತಿರ ಕರೆದರು. ಹಾಡುಗಳಿಗೆ ರಾಗ ಹಾಕಿದವರೂ ಅವರೇ. ಅವರ ಹಾಡು ಮೆಚ್ಚದವರಿಲ್ಲ, ಆದರೆ ಅವರ ಯಾವ ನಾಟಕವೂ ನಾಲ್ಕು ದಿನ ನಡೆದದ್ದಿಲ್ಲ.

"ಮಂದಿ ವನ್ಸ್ ಮೋರ್ ಅಂತಾರ, ಹಾಡು ಮತ್ತ ಮತ್ತ ಆಗತೈತಿ. ಕಥಿ ಮುಗಿಯೂದ್ರೊಳಗ ಸಾಂಬ್ರಾಣಿ ಊರಿಗೆ ಹೋಗೂ ಕಡೀ ಬಸ್ಸಿಗೆ ಎದ್ದು ಹೋಗ್ತಾರ. ಈ ಸಲ ಕೂಗಿದ್ರ ಮೈಕ್ ಬಂದ್ ಮಾಡ್ರಿ," ಅಂದರು.

"ಆತ್ರಿ ಮಾಸ್ತರ."

ಮೊದಲ ಹಾಡಿಗೇ ಜನ ಕೂಗಿದರು. ಸ್ವಿಚ್ಚಿನ ಮೇಲೆ ಕೈಯಿಟ್ಟು ಮಾಸ್ತರರತ್ತ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡು ಆಗಲೇ ಪಲ್ಲವಿಯನ್ನು ಮತ್ತೆ ಎತ್ತಿಕೊಂಡಿದ್ದರು. ನಾನು ಮೈಕಿನ ದನಿ ಇನ್ನಷ್ಟು ಏರಿಸಿದೆ.

ನಾಟಕ ಮರುದಿನವೇ ನಿಂತಿತು. ಆ ಹಾಡು ಇವತ್ತಿಗೂ ಊರಿನವರ ಬಾಯಲ್ಲಿದೆ. ಕಥೆಯ ಕೊನೆಗೆ ನಾಯಕಿಯ ಮದುವೆ ಆಯಿತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ.