ಎಡಗೆನ್ನೆಯ ಮಚ್ಚೆ

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನ್ನನ್ನು ಹೆತ್ತ ಆಯಿಗೆ ನಾನು ಅಷ್ಟೂ ಮುದ್ದಲ್ಲ ಎಂದು ಐವತ್ತು ವರ್ಷ ನಂಬಿ ಬದುಕಿದವಳು ನಾನು. ಸಾಕ್ಷಿಗೆ ಎರಡು ಪದ್ಯಗಳಿದ್ದವು. ಒಂದು ಅಪ್ಪ ಬರೆದದ್ದು, ಇನ್ನೊಂದು ಆಯಿ ನನ್ನನ್ನು ಮಲಗಿಸುವಾಗ ಹಾಡುತ್ತಿದ್ದದ್ದು.

ಅಪ್ಪ ಸಿದ್ದಾಪುರದ ಹತ್ತಿರದ ಶಾಲೆಯೊಂದರಲ್ಲಿ ಮಾಸ್ತರರಾಗಿದ್ದರು. ಅವರ ಪದ್ಯ ಹಳೆಯ ಡೈರಿಯೊಂದರಲ್ಲಿತ್ತು. ‘ಎಡಗೆನ್ನೆಯ ಮೇಲೆ ಎಳ್ಳಷ್ಟು ಮಚ್ಚೆ, ನೋಡುತ್ತ ಕೂತರೆ ಶಾಲೆಯ ಗಂಟೆಯೂ ಕೇಳದು’ ಎಂದು ಶುರು. ಮುಂದೆ ಮಗಳನ್ನು ಬೆಳಕು ಅಂದಿದ್ದರು, ಜೇನು ಅಂದಿದ್ದರು, ಇನ್ನೂ ಏನೇನೋ. ನಾನು ಗೋಗರೆದಾಗಲೆಲ್ಲ ಓದಿ ಹೇಳುತ್ತಿದ್ದರು. ಓದುವಾಗ ಮಾತ್ರ ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಪಕ್ಕದ ಖಾಲಿ ಜಾಗ ನೋಡುತ್ತಿದ್ದರು. ಕವಿಗಳು ಹಾಗೇ ಇರುತ್ತಾರೆ ಅಂದುಕೊಂಡಿದ್ದೆ.

ಆಯಿಯ ಹಾಡು ಹೀಗಿತ್ತು: ‘ಕರಿ ಕೂಸು, ಕೊಳಕು ಕೂಸು, ತಿಪ್ಪೆಯಲಿ ಸಿಕ್ಕ ಕೂಸು; ನೋಡ ಬಂದವರೆ, ನೋಡಿ ಹೋಗಿ, ಒಯ್ದರೆ ಒಯ್ದವರಿಗೇ ಭಾರ.’ ಊರಿನ ಮಕ್ಕಳೆಲ್ಲ ಅವರವರ ಮನೆಯಲ್ಲಿ ಚಿನ್ನ, ರನ್ನ. ನನ್ನ ಪಾಲಿಗೆ ತಿಪ್ಪೆ. ಮುಸುಕಿನೊಳಗೆ ಅಳುತ್ತಲೇ ನಿದ್ದೆ ಹೋಗುತ್ತಿದ್ದೆ.

ನನ್ನ ಕೆನ್ನೆಯ ಮೇಲೆ ಮಚ್ಚೆ ಇಲ್ಲ. ಬೆಳೆಯುತ್ತ ಅಳಿಸಿಹೋಗಿರಬೇಕು ಎಂದು ನಾನೇ ಸಮಾಧಾನ ಮಾಡಿಕೊಂಡಿದ್ದೆ. ಏಳು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಕನ್ನಡಿ ಮುಂದೆ ನಿಂತು ಎಡಗೆನ್ನೆಗೆ ಕಾಡಿಗೆಯ ಚುಕ್ಕಿ ಇಟ್ಟುಕೊಂಡು ಅಡುಗೆಮನೆಗೆ ಹೋದೆ. ಬಸಳೆ ಹೆಚ್ಚುತ್ತಿದ್ದ ಆಯಿ ತಲೆಯೆತ್ತಿದಳು. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ.

‘ಬಂದ್ಯ ಕೂಸೆ?’ ಅಂದಳು.

ಮರುಕ್ಷಣ ಅವಳ ಮುಖ ಸುಣ್ಣದಂತಾಯಿತು. ನನ್ನನ್ನು ಬಚ್ಚಲಿಗೆ ಎಳೆದೊಯ್ದು, ಒದ್ದೆ ಸೆರಗಿನಿಂದ ಕೆನ್ನೆಯನ್ನು ಚರ್ಮ ಕಿತ್ತುಬರುವಷ್ಟು ಉಜ್ಜಿದಳು. ಅಪ್ಪ ಬಾಗಿಲಲ್ಲಿ ನಿಂತು ನೋಡಿ, ಹೊರಗೆ ಹೋದರು. ನಾನೇನು ತಪ್ಪು ಮಾಡಿದೆ ಎಂದು ಯಾರೂ ಹೇಳಲಿಲ್ಲ.

ಈಗ ನಾನು ಯಲ್ಲಾಪುರದ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತೇನೆ. ಹೆತ್ತವರ ಪ್ರೀತಿಯ ಕುರಿತ ಎರಡು ಪದ್ಯಗಳನ್ನು ಹೋಲಿಸಿ ಬರೆಯಿರಿ ಎಂಬ ಪ್ರಶ್ನೆ ಪ್ರತಿವರ್ಷವೂ ಇದ್ದದ್ದೇ. ‘ಮಾತೃವಾತ್ಸಲ್ಯದ ಮಹಾಪೂರ’ ಎಂಬ ಗೈಡಿನ ಉತ್ತರ ಓದಿ ಓದಿ ತಲೆ ಚಿಟ್ಟುಹಿಡಿದಿತ್ತು. ಹೋದ ವರ್ಷ, ಯಾರದೆಂದು ಹೇಳದೆ, ನನ್ನವೇ ಎರಡನ್ನೂ ಬೋರ್ಡಿನ ಮೇಲೆ ಬರೆದೆ. ಎಲ್ಲರೂ ಅಪ್ಪನ ಪದ್ಯಕ್ಕೇ ಕೈಯೆತ್ತಿದರು. ಸುಳ್ಳೇಕೆ, ನನಗೆ ಒಳಗೊಳಗೇ ಖುಷಿಯಾಯಿತು.

ಕೊನೆಯ ಬೆಂಚಿನಿಂದ ನಂದೊಳ್ಳಿ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು.

‘ಎರಡನೇದರಲ್ಲೇ ಪ್ರೀತಿ ಜಾಸ್ತಿ ಮೇಡಂ. ಅದು ಕೂಸಿಗೆ ಹೇಳಿದ್ದಲ್ಲ. ನೋಡೋಕೆ ಬಂದು ನಿಂತಿದೆಯಲ್ಲ, ಅದಕ್ಕೆ ಹೇಳಿದ್ದು.’

‘ಯಾವುದಕ್ಕೆ?’

‘ಮೊದಲ ಕೂಸು ಸತ್ತ ಮನೇಲೇ ಹೀಗೆ ಹಾಡೋದು. ಆ ಕೂಸನ್ನ ಒಯ್ದಿತ್ತಲ್ಲ, ಅದಕ್ಕೆ. ಅದು ಎರಡನೇದಕ್ಕೂ ಬರ್ತದಲ್ಲ ಮೇಡಂ. ನಮ್ಮಜ್ಜಿ ನಮ್ಮಪ್ಪನ್ನ ತಿಪ್ಪೆ ಮೇಲೆ ಇಟ್ಟು, ಪಕ್ಕದ ಮನೆಯವರ ಹತ್ರ ಎತ್ತಿಸಿ, ಒಂದು ಮೊರ ತೌಡು ಕೊಟ್ಟು ವಾಪಸ್ ತಗೊಂಡಿದ್ದಳಂತೆ. ಇದು ನಮ್ಮ ಹೊಟ್ಟೇಲಿ ಹುಟ್ಟಿದ್ದಲ್ಲ ಅಂತ ಅದಕ್ಕೆ ತೋರಿಸೋಕೆ.’

ಕ್ಲಾಸು ನಕ್ಕಿತು. ನನ್ನ ಕತ್ತಿನ ಹಿಂದೆ ಯಾರೋ ಉಸಿರು ಬಿಟ್ಟಂತಾಯಿತು. ‘ಬಂದ್ಯ ಕೂಸೆ’ ಎಂದು ಆಯಿ ಆ ಮಧ್ಯಾಹ್ನ ಕರೆದದ್ದು ನನ್ನನ್ನಲ್ಲ. ಕ್ಲಾಸು ಮುಗಿಸಿ ಮನೆಗೆ ಹೊರಟೆ. ಮಂಚಿಕೇರಿ ದಾಟಿ ಶಿರಸಿ ಮುಟ್ಟುವವರೆಗೂ ಬಸ್ಸಿನ ಕಿಟಕಿಯ ಗಾಜಿನಲ್ಲಿ ನನ್ನ ಮುಖ ನೋಡಿಕೊಳ್ಳಲು ಧೈರ್ಯ ಬರಲಿಲ್ಲ.

ಆಯಿ ಈಗ ಶಿರಸಿಯಲ್ಲಿ ನನ್ನ ಜೊತೆಗೇ ಇದ್ದಾಳೆ, ಎಂಬತ್ತು ದಾಟಿದೆ. ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು, ಮುಂದಿನ ಬಾಗಿಲು ತೆರೆದೇ ಇತ್ತು. ಚಪ್ಪಲಿ ಬಿಟ್ಟು ನೇರ ಅವಳ ಪಕ್ಕ ಕೂತೆ.

‘ಆಯಿ, ಯನ್ನಕಿಂತ ಮೊದ್ಲು ಇನ್ನೊಂದು ಕೂಸಿತ್ತಾ?’

ಅವಳು ಸೆರಗು ಎಳೆದು ಮಡಿಲ ಮೇಲೆ ಹಾಸಿಕೊಂಡಳು. ‘ಇತ್ತು,’ ಅಂದಳು. ‘ಮಚ್ಚೆ ಅದಕ್ಕಿತ್ತು. ಆನೂ ನಿನ್ನಪ್ಪನೂ ಚೊಲೊ ಚೊಲೊ ಹೇಳಿ ಎತ್ತಿ ಕುಣಿಸಿದ್ದೇ ಕುಣಿಸಿದ್ದು. ಬಂದವಕ್ಕೆಲ್ಲ ಪದ್ಯ ಬೇರೆ ಓದಿ ಹೇಳಿದ. ಮೂರು ದಿನ ಜ್ವರ ಬಂತು, ಕೂಸು ಹೋತು.’ ಆಮೇಲೆ ದನಿ ತಗ್ಗಿಸಿ, ‘ಬಾಗ್ಲಲ್ಲಿ ನಿಂತು ಕೇಳಿಸ್ಕತ್ತು ಅದು’ ಅಂದಳು.

ನನಗೆ ದುಃಖ ಒತ್ತರಿಸಿ ಬಂತು. ಸತ್ತ ಅಕ್ಕನಿಗಾಗಿ ಅಂದರೆ ಸುಳ್ಳಾದೀತು, ಅದು ನನಗಾಗಿಯೇ.

‘ಯಂಗೀಗ ಐವತ್ತೆರಡು, ಆಯಿ. ಇನ್ನಾದ್ರೂ ಒಂದು ಚೊಲೊ ಮಾತು ಹೇಳು.’

ಅವಳು ನನ್ನ ಹೆಗಲಿನಾಚೆ ಬಾಗಿಲ ಕಡೆ ನೋಡಿದಳು. ಓಣಿಯಲ್ಲಿ ಯಾರೂ ಇರಲಿಲ್ಲ. ಎದುರು ಮನೆಯ ಗೇಟಿನ ಕೆಳಗೆ ಮಲಗಿದ್ದ ನಾಯಿ ಎದ್ದು ನಿಂತು, ನಮ್ಮ ಹೊಸ್ತಿಲನ್ನೇ ನೋಡುತ್ತಿತ್ತು.

‘ಇದು ಯಂಗಳ ಮನೇದಲ್ಲ,’ ಆಯಿ ಬಾಗಿಲಿಗೆ ಕೇಳುವಂತೆ ದೊಡ್ಡದಾಗಿ ಹೇಳಿದಳು. ‘ದಾರಿ ತಪ್ಪಿ ಬಂದದ್ದು.’

ಸೆರಗಿನ ಅಡಿಯಲ್ಲಿ ಅವಳ ಕೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. ಎಂಬತ್ತು ದಾಟಿದ ಮುದುಕಿಯ ಹಿಡಿತವಲ್ಲ ಅದು. ಬಳೆ ಚರ್ಮಕ್ಕೆ ಒತ್ತಿ ನೋಯುತ್ತಿತ್ತು. ನಾನು ಹಿಂತಿರುಗಿ ನೋಡಲಿಲ್ಲ, ಕೈಯನ್ನೂ ಬಿಡಿಸಿಕೊಳ್ಳಲಿಲ್ಲ.

‘ಹೌದು,’ ಎಂದು ನಾನೂ ದೊಡ್ಡದಾಗಿಯೇ ಹೇಳಿದೆ. ‘ಆನು ಇವಳ ಮಗಳಲ್ಲ.’