ಪೂಜೆಗೆ ಕುಳಿತ ಪಾನಾ

೧೯೪೩ರಲ್ಲಿ ನಾನು ಘಟಪ್ರಭಾ ಸ್ಟೇಶನ್ನಿನ ಎದುರಿಗಿದ್ದ ಸೈಕಲ್ ಅಂಗಡಿಯೊಂದರಲ್ಲಿ ಪಗಾರದ ಮಿಸ್ತ್ರಿಯಾಗಿದ್ದೆ. ಮಾಲಕರ ಹೆಸರು ಗುರುಪಾದಪ್ಪ. ಊರಿಗೆಲ್ಲ ಅವರು ಕಾಕಾ. ಮುಂದೆ ಬಹಳ ವರ್ಷ ನಾನೇ ಅಂಗಡಿ ನಡೆಸಿದೆ. ಮಾಡಿದ ರಿಪೇರಿಗಳು ಎಷ್ಟೋ ಮರೆತುಹೋಗಿವೆ. ಮಾಡದೆ ಬಿಟ್ಟ ಒಂದು ಕೆಲಸ ಮಾತ್ರ ಇನ್ನೂ ನಿದ್ದೆ ಕೆಡಿಸುತ್ತದೆ.

ಹತ್ಯಾರದ ವಿಷಯದಲ್ಲಿ ಕಾಕಾ ಬಲು ಕಟ್ಟುನಿಟ್ಟು. ಪಾನಾ, ಅಂದರೆ ನಟ್ಟು ತಿರುಗಿಸುವ ಸ್ಪ್ಯಾನರ್, ಕೊಳ್ಳಲು ಹೋದರೆ ಅದರ ಹೊಳಪನ್ನು ಅವರು ನೋಡುತ್ತಲೇ ಇರಲಿಲ್ಲ. ದಾರ ಕಟ್ಟಿ ತೂಗುಬಿಟ್ಟು ಇನ್ನೊಂದು ಕಬ್ಬಿಣದಿಂದ ತಟ್ಟುವರು. ನಾದ ಉಳಿದರೆ ಉಕ್ಕು, ಠಪ್ಪೆಂದರೆ ಸೋವಿ ಮಾಲು. ಆಮೇಲೆ ಕಿಸೆಯಿಂದ ಹೊಸ ನಟ್ಟು ತೆಗೆದು ಪಾನಾದ ಬಾಯಿಗೆ ಕೊಟ್ಟು ಅಲುಗಿಸುವರು. ತುಸು ಆಡಿದರೂ ಅಂಗಡಿಯವನಿಗೆ ವಾಪಸ್. ಮೆದು ಕಬ್ಬಿಣದ ಪಾನಾ ಬಲ ಬಿದ್ದಾಗ ಬಾಯಿ ಅಗಲಿಸುತ್ತದೆ, ಜಾರುತ್ತದೆ, ನಟ್ಟಿನ ಮೂಲೆಗಳನ್ನು ತಿಂದು ಗುಂಡಗೆ ಮಾಡಿಬಿಡುತ್ತದೆ.

ಯುದ್ಧ ಹತ್ತಿ ವಿಲಾಯತಿ ಮಾಲು ನಿಂತಿತ್ತು. ಗೋಕಾಕದ ಬಜಾರದಲ್ಲಿ ಥಳಥಳ ಹೊಳೆಯುವ ಪಾನಾಗಳು ಬಂದಿದ್ದವು, ನಮ್ಮ ಅಂಗಡಿಗೂ ಒಂದು ಬಂತು. ಕಾಕಾ ಒಮ್ಮೆ ಬಳಸಿ ನೋಡಿ ಅದನ್ನು ತಗಡಿನ ಡಬ್ಬಿಗೆ ಎಸೆದರು. ಯುದ್ಧಕ್ಕಿಂತ ಮೊದಲು ತರಿಸಿದ್ದ ಒಂದು ಸೆಟ್ಟೇ ನಮ್ಮ ಆಸ್ತಿ.

ಆ ವರ್ಷದ ಖಂಡೆನವಮಿ, ಆಯುಧಪೂಜೆಯ ದಿನ. ಹತ್ಯಾರಗಳನ್ನೆಲ್ಲ ರಾಕೇಲೆಣ್ಣೆಯಲ್ಲಿ ತೊಳೆದು, ವಿಭೂತಿ ಹಚ್ಚಿ, ಚೆಂಡು ಹೂವು ಏರಿಸಿ ಮಣೆಯ ಮೇಲೆ ಇಟ್ಟಿದ್ದೆವು. ಒಮ್ಮೆ ಪೂಜೆಗೆ ಕುಳಿತ ಹತ್ಯಾರವನ್ನು ಮರುದಿನದವರೆಗೆ ಎತ್ತುವಂತಿಲ್ಲ. ಕಮ್ಮಾರನಿಗೂ ಬಡಿಗನಿಗೂ ಅದೇ ಕಟ್ಟಳೆ. ಡಬ್ಬಿಯ ಪಾನಾಕ್ಕೆ ಮಾತ್ರ ಹೂವಿರಲಿಲ್ಲ. ಅದು ಹತ್ಯಾರವೇ ಅಲ್ಲ ಎಂದು ಕಾಕಾ ನಕ್ಕಿದ್ದರು.

ಮಧ್ಯಾಹ್ನ ಬಾಳಪ್ಪ ಸೈಕಲ್ ತಳ್ಳಿಕೊಂಡು ಬಂದ. ಊರಿನ ದವಾಖಾನೆಯೊಂದರ ಕಂಪೌಂಡರ್ ಅವನು. ಯಮಕನಮರಡಿಗೆ ಕೊಟ್ಟಿದ್ದ ಅವನ ತಂಗಿ ಶಾಂತವ್ವ ಹೆತ್ತ ಮೇಲೆ ಜ್ವರ ಬಂದು ಮಲಗಿದ್ದಳು. ಡಾಕ್ಟರರು ಕೊಟ್ಟ ಗುಳಿಗೆಗಳು ಅವನ ಕಿಸೆಯಲ್ಲಿದ್ದವು. ಆ ಕಡೆಯ ಮೋಟಾರು ಬಸ್ಸು ಹೋಗಿಬಿಟ್ಟಿತ್ತು, ಸೈಕಲ್ಲಿನ ಕಾಟರ್ ಪಿನ್ನು ಸಡಿಲಾಗಿತ್ತು. ಪೆಡಲಿನ ದಂಡವನ್ನು ನಡುವಿನ ಅಚ್ಚಿಗೆ ಬಿಗಿಹಿಡಿಯುವ ಬೆಣೆ ಅದು. ಅದು ಬಿದ್ದರೆ ತುಳಿದದ್ದೆಲ್ಲ ವ್ಯರ್ಥ.

ನಾನು ಮಣೆಯ ಕಡೆ ನೋಡಿದೆ. ತೆಗೆಯಲೇ ಎಂದು ಕೇಳಿದ್ದಕ್ಕೆ ಕಾಕಾ ಬೇಡವೆಂದು ತಲೆಯಾಡಿಸಿದರು.

“ಏರಿಸಿದ ಪೂಜಿ ಇಳಸಬಾರದಪಾ. ಅವು ದುಡದು ದಣದಾವು, ಇವತ್ತೊಂದಿನ ಕುಂದರಲಿ.”

ಬಾಳಪ್ಪ ಬೇಡಿಕೊಂಡ. “ಪಾನಾ ಅಲ್ಲೇ ಕಣ್ಣ ಮುಂದ ಐತೆಲ್ರಿ ಕಾಕಾ. ತಂಗಿ ಜೀವದ ಮಾತರಿ.”

ಕಾಕಾ ಕಲ್ಲೆದೆಯವರಲ್ಲ. ಬಡವರ ಪಂಕ್ಚರನ್ನು ಪುಕ್ಕಟೆ ತಿದ್ದುತ್ತಿದ್ದ ಮನುಷ್ಯ. ತಾವೇ ಎದ್ದು, ಡಬ್ಬಿಯಿಂದ ಆ ಹೊಳೆಯುವ ಪಾನಾ ತೆಗೆದರು. ಸುತ್ತಿಗೆಯೂ ಪೂಜೆಯಲ್ಲಿದ್ದುದರಿಂದ ಬೆಣೆಯನ್ನು ಕಲ್ಲಿನಿಂದ ಬಡಿದರು. ನಟ್ಟು ಬಿಗಿಯುವಾಗ ಪಾನಾ ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ನಟ್ಟಿನ ಮೂಲೆ ಹೋಗಿತ್ತು. ಸಾವಕಾಶ ತುಳಿದುಕೊಂಡು ಹೋಗು, ಹುಕ್ಕೇರಿಯಲ್ಲಿ ಯಾರಾದರೂ ಬಿಗಿದು ಕೊಡುತ್ತಾರೆ ಎಂದರು. ಅಲ್ಲಿಯೂ ಅವತ್ತು ಖಂಡೆನವಮಿಯೇ ಎಂಬುದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹುಕ್ಕೇರಿ ಮುಟ್ಟುವ ಮೊದಲೇ ಬೆಣೆ ಬಿತ್ತು. ಮಣ್ಣಿನ ರಸ್ತೆಯಲ್ಲಿ ಹುಡುಕಿದರೂ ಸಿಗಲಿಲ್ಲವಂತೆ. ಹುಕ್ಕೇರಿಯಲ್ಲಿ ಯಾವ ಮಿಸ್ತ್ರಿಯೂ ಹತ್ಯಾರ ಮುಟ್ಟಲಿಲ್ಲ. ಸೈಕಲ್ಲನ್ನು ಒಂದು ಮನೆಯ ಕಟ್ಟೆಗೆ ಒರಗಿಸಿ ಬಾಳಪ್ಪ ನಡೆದ, ಓಡಿದ. ಅವನು ಹೋಗಿ ಮುಟ್ಟಿದಾಗ ಶಾಂತವ್ವನಿಗೆ ಗುಳಿಗೆ ನುಂಗುವ ಎಚ್ಚರವಿರಲಿಲ್ಲ. ಬೆಳಗಾಗುವುದರೊಳಗೆ ಹೋದಳು. ಮೊದಲೇ ಕೊಟ್ಟಿದ್ದರೆ ಉಳಿಯುತ್ತಿದ್ದಳೇ ಎಂದು ನಾನು ಡಾಕ್ಟರರನ್ನು ಕೇಳಿದೆ. ಹೇಳಲಾಗದು ಎಂದರು. ಆ ಒಂದು ಮಾತು ಕಾಕಾರನ್ನು ಹುಳದಂತೆ ಕೊರೆಯಿತು; ಉಳಿಯುತ್ತಿರಲಿಲ್ಲ ಎಂದಿದ್ದರೆ ಅಳು ಮುಗಿಯುತ್ತಿತ್ತೇನೋ.

ಮಣ್ಣು ಮಾಡಿ, ಕಾರ್ಯ ಮುಗಿಸಿಕೊಂಡು ಬಾಳಪ್ಪ ಅದೇ ಸೈಕಲ್ ತಳ್ಳಿಕೊಂಡು ಅಂಗಡಿಗೆ ಬಂದ. ಗಲಾಟೆ ಮಾಡುತ್ತಾನೆಂದು ನಾನು ಎದ್ದು ನಿಂತೆ. ಅವನು ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ ಮೆಲ್ಲಗೆ ಕೇಳಿದ:

“ಪೂಜಿ ಮುಗೀತೇನ್ರಿ, ಕಾಕಾ?”

ಕಾಕಾ ಎದ್ದರು. ಒಳ್ಳೆಯ ಪಾನಾ ತೆಗೆದುಕೊಂಡು ಹೊಸ ಬೆಣೆ, ಹೊಸ ನಟ್ಟು ಹಾಕಿ ಬಿಗಿದರು. ಬಾಳಪ್ಪ ಕೈಕಾಲು ತೊಳೆದು ಬರುವುದರೊಳಗೆ ಕೆಲಸ ಮುಗಿದಿತ್ತು. ಇಷ್ಟೇ ಇಷ್ಟು ಕೆಲಸ. ಅವನು ಹೋದ ಮೇಲೆ ಕಾಕಾ ಪಾನಾ ಹಿಡಿದುಕೊಂಡೇ ಅತ್ತರು. ನನಗೂ ತಡೆಯಲಾಗಲಿಲ್ಲ.

ಮರುವರ್ಷದ ಖಂಡೆನವಮಿಗೆ ಹೂವು ಏರಿದ್ದು ಡಬ್ಬಿಯ ಪಾನಾಕ್ಕೆ. ಒಳ್ಳೆಯ ಸೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕಾಕಾ ಬಾಗಿಲಲ್ಲಿ ಕುಳಿತರು. ಅಜ್ಜ ಮುತ್ತಜ್ಜರ ಪದ್ಧತಿ ಮುರಿದನೆಂದು ಓಣಿಯವರು ಆಡಿಕೊಂಡರು. ನಾನು ಕರೆದರೂ ಊಟಕ್ಕೆ ಏಳಲಿಲ್ಲ. ಸಂಜೆ ಬಾಳಪ್ಪ ಆ ದಾರಿಯಲ್ಲಿ ಬಂದ. ಕಾಕಾ ಗಡಬಡಿಸಿ ಎದ್ದರು. ಅವನು ತಲೆಬಾಗಿ ಕೈಯೆತ್ತಿ, ನಿಲ್ಲದೆ ಮುಂದೆ ಹೋದ. ಅವನ ಸೈಕಲ್ಲಿಗೆ ಅವತ್ತು ಏನೂ ಆಗಿರಲಿಲ್ಲ.

ಒಳ್ಳೆಯ ಹತ್ಯಾರವನ್ನು ಹೇಗೆ ಆರಿಸಬೇಕೆಂದು ಕಾಕಾ ನನಗೆ ಕಲಿಸಿದ್ದರು. ಅದನ್ನು ಯಾವಾಗ ಕೈಗೆತ್ತಿಕೊಳ್ಳಬೇಕೆಂಬುದನ್ನು ನಾವಿಬ್ಬರೂ ಕಲಿತದ್ದು ಶಾಂತವ್ವ ಹೋದ ಮೇಲೆ.