ಬೆಂಕಿಗೆ ಬೆನ್ನು ಹಾಕಿ ಕೂತವರು

ಅವರ ಎಲ್ಲ ಅಂಗಿಗಳ ಬೆನ್ನಿನಲ್ಲೂ ಸಣ್ಣ ಸಣ್ಣ ತೂತುಗಳಿದ್ದವು. ಕಿಡಿ ಹಾರಿ ಸುಟ್ಟ, ಅಂಚು ಕಂದಿದ ತೂತುಗಳು. ಎದೆಯ ಕಡೆ ಒಂದೂ ಇರಲಿಲ್ಲ.

ಕಡಬದಾಚೆ, ಕಾಡಿನ ಅಂಚಿನ ಒಂದು ತೋಟದಲ್ಲಿ ನಾವು ಮೂವರು ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದೆವು: ನಾನು, ಅರಂತೋಡಿನ ಗೆಳೆಯ, ಮತ್ತು ಇವರು. ಇವರದು ಕೇರಳದಿಂದ ಬಂದು ನೆಲೆಸಿದ ಮನೆತನ. ನಮಗಿಂತ ಬಹಳ ಹಿರಿಯರು. ಮಲಯಾಳದಲ್ಲಿ ಅಣ್ಣನನ್ನು ಕರೆಯುವಂತೆ ‘ಚೇಟ್ಟ’ ಎನ್ನುತ್ತಿದ್ದೆವು. ಚಳಿಗಾಲದಲ್ಲಿ ಬೆಳಕು ಹರಿಯುವ ಮೊದಲೇ ಬಂದು, ಒಣ ಕಡ್ಡಿ, ತೆಂಗಿನ ಗೆರಟೆ ಒಟ್ಟಿ ಬೆಂಕಿ ಹಾಕುವುದು. ಹಾಲಿಲ್ಲದ ಚಹಾ, ಅರ್ಧ ಗಂಟೆ ಹರಟೆ, ಆಮೇಲೆ ಮರಗಳ ಕಡೆಗೆ. ದಿನದಲ್ಲಿ ನಮ್ಮದು ಅನ್ನಿಸುತ್ತಿದ್ದ ಹೊತ್ತು ಅದೊಂದೇ.

ಚೇಟ್ಟ ಮಾತ್ರ ಬೆಂಕಿಗೆ ಬೆನ್ನು ಹಾಕಿ, ಕತ್ತಲೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. “ಬೆಂಕಿ ನೋಡಿದ ಕಣ್ಣಿಗೆ ಮತ್ತೆ ಮರವೂ ಇಲ್ಲ, ಆನೆಯೂ ಇಲ್ಲ, ಎಲ್ಲ ಕಪ್ಪು. ಒಬ್ಬನ ಕಣ್ಣಾದ್ರೂ ಕತ್ತಲೆಯಲ್ಲಿ ಇರ್ಬೇಕಲ್ಲ,” ಎನ್ನುತ್ತಿದ್ದರು. ಹಣೆಗೆ ಕಟ್ಟಿದ ಟಾರ್ಚನ್ನೂ ಮೊದಲ ಮರ ಮುಟ್ಟುವವರೆಗೆ ಹಾಕುತ್ತಿರಲಿಲ್ಲ. ಅವರು ಮುಂದೆ ನಡೆದು, ನಿಂತು ನೋಡಿ, “ಬನ್ನಿ” ಎಂದ ಮೇಲೆಯೇ ನಾವು ಹೊರಡುವುದು. ಒಮ್ಮೆ ಹಾಗೆನ್ನದೆ ಕೈಯನ್ನು ಹಿಂದಕ್ಕೆ ಚಾಚಿ ನಿಂತರು. ನಮಗೇನೂ ಕಾಣಲಿಲ್ಲ. ಬಹಳ ಹೊತ್ತಿನ ಮೇಲೆ ಕತ್ತಲೆಯ ಒಂದು ತುಂಡು ತಾನಾಗಿ ಸರಿದು ಹೊಳೆಯ ಕಡೆ ಹೋಯಿತು. ಅಂದು ನಾನು ಉಳಿದದ್ದು ಆ ಕೈಯಿಂದ.

ಡಿಸೆಂಬರಿನ ಆ ವಾರ ತೋಟದ ಕೆಳಬದಿಯಲ್ಲಿ ಆನೆ ತಿನ್ನುವ ಬೈನೆ ಮರಗಳು ಒಂದೊಂದಾಗಿ ಮುರಿದು ಬೀಳುತ್ತಿದ್ದವು. ಆನೆ ದಿನದಿನವೂ ಸ್ವಲ್ಪ ಮೇಲೆ ಬರುತ್ತಿತ್ತು. ಒಂದು ಬೆಳಿಗ್ಗೆ ಗೆಳೆಯ ಗೆಣಸು ತಂದಿದ್ದ. ಕೆಂಡದಲ್ಲಿ ಹುಗಿದೆವು.

“ಚೇಟ್ಟಾ, ಒಮ್ಮೆ ಇತ್ತ ತಿರುಗಿ ಮಾರಾಯ್ರೆ. ನಿಮ್ಮ ಬೆನ್ನಿನ ಹತ್ರ ಮಾತಾಡಿ ಸಾಕಾಯ್ತು.”

“ಬೆನ್ನು ನಿಂಗೆ ಎಂತ ಹೇಳಿದೆ ಈಗ?”

“ಹಾಗಾದ್ರೆ ಗೆಣಸು ಬೆನ್ನಿಗೇ ತಿನ್ನಿಸುದಾ?”

ಕರೆದದ್ದು ಯಾರು? ಗೆಳೆಯ ಎಂದು ಬಹಳ ಕಾಲ ಹೇಳಿಕೊಂಡು ಬಂದೆ. ಇಬ್ಬರೂ ಒಟ್ಟಿಗೆ ಎಂದೂ ಹೇಳಿದ್ದುಂಟು. ಈಗ ಆ ಮಾತು ನನಗೆ ನನ್ನ ದನಿಯಲ್ಲೇ ಕೇಳುತ್ತದೆ. ಗೆಳೆಯನಿಗೆ ಅವನ ದನಿಯಲ್ಲಿ ಕೇಳುತ್ತದಂತೆ.

ಚೇಟ್ಟ ತಿರುಗಿದರು. ಬಿಸಿ ಗೆಣಸಿಗೆ ಊದುತ್ತಾ ಕೆಂಡ ಕೆದಕಿದರು. “ಇಲ್ಲಿ ಇಷ್ಟು ಚಂದ ಉಂಟಾ? ಇಷ್ಟು ವರ್ಷ ನೀವಿಬ್ರೇ ನೋಡಿದ್ದಾ?” ಎಂದು ನಕ್ಕರು. ಅಷ್ಟು ಖುಷಿಯಲ್ಲಿ ನಾವು ಎಂದೂ ಕೂತಿರಲಿಲ್ಲ.

ಆಮೇಲೆ, ಎಂದಿನಂತೆ, ಅವರೇ ಮೊದಲು ಎದ್ದರು. ಕಣ್ಣುಜ್ಜಿಕೊಂಡರು. ಉಜ್ಜಿಕೊಂಡದ್ದನ್ನು ನಾನು ನೋಡಿದೆ, ಏನೂ ಹೇಳಲಿಲ್ಲ. ನಡೆದು ಹೋದರು. “ಬನ್ನಿ” ಎಂಬ ಮಾತಿಗೆ ಕಾದೆವು.

ಆನೆ ರಬ್ಬರ್ ಮರಗಳ ಎರಡನೆಯ ಸಾಲಿನಲ್ಲೇ ನಿಂತಿತ್ತು. ನಾವು ಅವರನ್ನು ಎತ್ತಿಕೊಂಡು ಬಂದದ್ದು ಬೆಳಕಾದ ಮೇಲೆ.

ಅವರ ಹೆಂಡತಿ, ನಮ್ಮ ಚೇಚಿ, ಈಗಲೂ ಕಡಬ ಪೇಟೆಯಲ್ಲಿ ಬಸ್ಸಿಗೆ ಕಾಯುವಾಗ ಸಿಗುತ್ತಾರೆ. ಕೇಳುವುದು ಒಂದೇ. “ಅವ್ರಿಗೆ ಕತ್ತಲೆಯಲ್ಲಿ ನಮಗೆಲ್ಲರಿಗಿಂತ ಚಂದ ಕಾಣ್ತಿತ್ತು. ಅಷ್ಟು ದೊಡ್ಡದು ಎದುರು ನಿಂತದ್ದು ಹೇಗೆ ಕಾಣ್ಲಿಲ್ಲ?”

“ಮಂಜು ಇತ್ತು ಚೇಚಿ,” ಎನ್ನುತ್ತೇನೆ.

ಆ ಬೆಳಗಿನ ಬೇರೆ ಯಾವ ವಿವರವನ್ನೂ ನಾನು ಆಣೆ ಹಾಕಿ ಹೇಳಲಾರೆ. ಮಂಜು ಇರಲಿಲ್ಲ.